ಮೂಸಿಗೆ ಕಟ್ಟಿದ ವಾದ

ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಬರವಣಿಗೆ ಭಾಗದಲ್ಲಿ ಎರಡನೆಯ ಪ್ರಶ್ನೆಯಾದ ಪ್ರಬಂಧಕ್ಕೆ ಸುಮಾರು 40 ನಿಮಿಷ, ಕನಿಷ್ಠ 250 ಪದ. ಹೈದರಾಬಾದಿನ ಕುಷಾಯಿಗೂಡದಲ್ಲಿ ಕೂತು ಇದಕ್ಕೆ ಓದುವ ಕನ್ನಡದ ಮಕ್ಕಳು ಮಾದರಿ ಹುಡುಕಿಕೊಂಡು ಲಂಡನ್ನಿಗೆ ಹೋಗಬೇಕಿಲ್ಲ. ಅದೇ ಊರಿನ ಇನ್ನೊಂದು ತುದಿಯ ಗಂಡಿಪೇಟೆ ಕೆರೆಯ ಹಿಂದೆ ಒಂದು ಇಂಗ್ಲಿಷ್ ವರದಿಯಿದೆ. ಬರೆದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ.

1908ರ ಸೆಪ್ಟೆಂಬರ್ ಕೊನೆಯಲ್ಲಿ ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಕಣ್ಣೀರಿನ ಮಾತಿಗೆ ಎಷ್ಟು ಬೇಕಾದರೂ ಜಾಗವಿತ್ತು. ಅವರು ಹಿಡಿದದ್ದು ಲೆಕ್ಕ. ಶಂಶಾಬಾದಿನಲ್ಲಿ 24 ಗಂಟೆಯಲ್ಲಿ 12.8 ಇಂಚು ಮಳೆ. ಜಲಾನಯನ ಪ್ರದೇಶದ 788 ಕೆರೆಗಳಲ್ಲಿ 221 ಒಡೆದಿದ್ದವು. ಇಷ್ಟು ಓದಿದ ಮೇಲೆ ಎಲ್ಲ ದೈವೇಚ್ಛೆ ಎಂದು ಕೈಚೆಲ್ಲಲು ಯಾವ ಅಧಿಕಾರಿಗೂ ಬಾಯಿ ಬರುವುದಿಲ್ಲ.

ವಾದದ ಬಿಗಿ ಇಲ್ಲಿದೆ: ಕಾರಣ ಖಚಿತವಾದರೆ ಪರಿಹಾರ ತಾನಾಗಿ ಅದರ ಬೆನ್ನಿಗೆ ಬರುತ್ತದೆ. ನೀರು ನುಗ್ಗುವುದು ಮೇಲಿನಿಂದ, ಹಾಗಾದರೆ ತಡೆಯಬೇಕಾದದ್ದೂ ಮೇಲೆಯೇ. ಊರೊಳಗೆ ದಡ ಎತ್ತರಿಸಿದರಷ್ಟೇ ಸಾಲದು. ಮೂಸಿಗೂ ಅದರ ಉಪನದಿ ಈಸಿಗೂ ನಗರಕ್ಕಿಂತ ಮೇಲೆ ಒಂದೊಂದು ಜಲಾಶಯ ಬೇಕು.

ಪ್ರವಾಹವೇನೋ ಯಾವಾಗಲೋ ಒಮ್ಮೆ ಬರುವಂಥದ್ದು. ಅದೊಂದಕ್ಕೇ ಖಜಾನೆ ಬಿಚ್ಚಿಸುವುದು ಕಷ್ಟ. ಆದರೆ ಕುಡಿಯುವ ನೀರು ದಿನಾ ಬೇಕಲ್ಲ! ಅದೇ ಜಲಾಶಯ ನಗರದ ಬಾಯಾರಿಕೆಯನ್ನೂ ನೀಗಿಸುತ್ತದೆ ಎಂದಾಗ ಯೋಜನೆಯ ತೂಕವೇ ಬೇರೆ. ಅಲಂಕಾರ ತುಂಬಿದ ಹತ್ತು ಪುಟ ಈ ಕೆಲಸ ಮಾಡುತ್ತಿರಲಿಲ್ಲ.

ಮೂಸಿಯ ಉಸ್ಮಾನ್ ಸಾಗರ, ಅಂದರೆ ಗಂಡಿಪೇಟೆ, 1920ರಲ್ಲಿ ಮುಗಿಯಿತು. ಈಸಿಯ ಹಿಮಾಯತ್ ಸಾಗರ 1927ರಲ್ಲಿ.