ಪಾದಾಘಾತದ ಧ್ವನಿಮುದ್ರಣ

ಸುತ್ತಲೂ ಕಾಣುವ ೩೬೦ ಡಿಗ್ರಿ ವೀಡಿಯೋದಲ್ಲಿ ನರ್ತಕಿಯ ಕಾಲಬಳಿ ಮೈಕ್ರೋಫೋನನ್ನು ಮರೆಸಿಡಲು ಎಡೆಯಿಲ್ಲದುದರಿಂದ, ಹೆಜ್ಜೆಯ ಸಪ್ಪಳವನ್ನು ಸ್ಟುಡಿಯೋದಲ್ಲಿ ಬೇರೆಯಾಗಿ ಮುದ್ರಿಸಿ ಕೂಡಿಸುವುದುಂಟು. ಇದು ದೋಷವಲ್ಲ, ಗೆಜ್ಜೆಯ ನಾದದಲ್ಲಿ ಅಂಗಾಲಿನ ಪೆಟ್ಟನ್ನು ಮುಳುಗಿಸುವುದು ದೋಷ. ಅಭಿನಯದರ್ಪಣವು ಕಾಲೊಂದಕ್ಕೆ ೧೦೦ ಅಥವಾ ೨೦೦ ಕಂಚಿನ ಗೆಜ್ಜೆಗಳನ್ನು ವಿಧಿಸಿದೆಯಾದರೂ ಗೆಜ್ಜೆಯ ದನಿ ಪೆಟ್ಟನ್ನು ಹಿಂಬಾಲಿಸುವುದೇ ಹೊರತು ತಾನೇ ಪೆಟ್ಟಾಗಲಾರದು. ಭರತನಾಟ್ಯದ ತಟ್ಟಡವಿನಲ್ಲಿ ಇಡಿಯ ಅಂಗಾಲು ನೆಲವನ್ನು ತಟ್ಟುವುದು. ನಾಟಡವಿನಲ್ಲಿ ಚಾಚಿದ ಕಾಲಿನ ಹಿಮ್ಮಡಿ ಊರುವುದು. ಕುದಿತ್ತಮೆಟ್ಟಡವಿನಲ್ಲಿ ಮುಂಗಾಲಿನ ಮೇಲೆ ನೆಗೆದು ಹಿಮ್ಮಡಿಯನ್ನು ಇಳಿಸುವುದು. ಮೂರಕ್ಕೂ ಒಂದೇ ಸದ್ದನ್ನು ಅಂಟಿಸುವುದು ಶ, ಷ, ಸಗಳನ್ನು ಒಂದಾಗಿ ಉಚ್ಚರಿಸಿದಂತೆಯೇ ಸರಿ. ಇದಲ್ಲದೆ, ೧೦ ಮೀಟರು ದೂರದಲ್ಲಿ ಕಾಣುವ ಹೆಜ್ಜೆಯ ಸದ್ದು ಸುಮಾರು ೩೦ ಮಿಲಿಸೆಕೆಂಡು ತಡೆದು, ಪ್ರೇಕ್ಷಕನು ತಲೆ ತಿರುಗಿಸಿದರೂ ಆ ದಿಕ್ಕಿನಿಂದಲೇ ಕೇಳಬೇಕು. ಕಿವಿಯ ಪಕ್ಕದಲ್ಲೇ ಕೇಳಿಸುವಂತೆ ಜೋಡಿಸಿದ ಸದ್ದು ನರ್ತಕಿಯದಾಗಿ ತೋರದು.