ಚೋಮನ ದುಡಿ ಯಾಕೆ ಬಿಡೋದಿಲ್ಲ

ಕಾದಂಬರಿ ಅಂದರೆ ನಮ್ಮೋರು ಮತ್ತೆ ಮತ್ತೆ ಕೇಳೋದು ಶಿವರಾಮ ಕಾರಂತರ 'ಚೋಮನ ದುಡಿ'. 1933ರದು. ಪೊಳ್ಳಾಚಿ ಕಡೆ ನಮಗೆ ಮನೆಮಾತು ಕನ್ನಡ, ಇಸ್ಕೂಲು ತಮಿಳು. ಅದಕ್ಕೇ ನಾನು ಇದನ್ನು ಓದಿದ್ದು ಕಡಿಮೆ, ಓದಿಸಿ ಕೇಳಿದ್ದು ಹೆಚ್ಚು.

ಚೋಮನ ಹತ್ತಿರ ಎತ್ತುಗಳಿವೆ, ಉಳೋಕೆ ಹೊಲ ಇಲ್ಲ. ಅವನ ಜಾತಿಯವರು ಒಕ್ಕಲಾಗಬಾರದು ಅಂತ ಊರ ಕಟ್ಟಳೆ. ಪೊಳ್ಳಾಚಿ ದನದ ಸಂತೆಯಲ್ಲಿ ಹಲ್ಲು ನೋಡಿ, ಸುಳಿ ನೋಡಿ ಎತ್ತು ಕೊಂಡವರಿಗೆ ಈ ನೋವು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಿದ ಎತ್ತು ಸುಮ್ಮನೆ ಮೇವು ತಿಂತಾ ನಿಂತರೆ ಒಕ್ಕಲಿಗನಿಗೆ ನಿದ್ದೆ ಬರೋದಿಲ್ಲ.

ಪದ ಹಾಡೋ ನನ್ನನ್ನ ಹಿಡಿದದ್ದು ಆ ದುಡಿ. ಸಂತೋಷವಾಗಲಿ, ಸಿಟ್ಟಾಗಲಿ, ಮಕ್ಕಳ ಸಾವಾಗಲಿ, ಚೋಮ ಬಡಿಯೋದು ಅದನ್ನೇ. ಬಾಯಿಗೆ ಬಾರದ್ದು ಚರ್ಮದಿಂದ ಬರ್ತದೆ. ವಾದ್ಯ ಮುಟ್ಟಿದವರಿಗೆ ಇದು ನಿಜ ಅಂತ ಗೊತ್ತು.

ಆದರೆ ಕಾರಂತರ ನಿಜವಾದ ಗಟ್ಟಿತನ ಇರೋದು ಒಡೆಯ ಸಂಕಪ್ಪಯ್ಯನಲ್ಲಿ. ಆತ ರಾಕ್ಷಸನಲ್ಲ. ಹೊಲ ಕೊಡೋಣ ಅಂತ ಮನಸ್ಸೂ ಆಗ್ತದೆ. ತಾಯಿ ಬೇಡ ಅಂದಾಗ ಸುಮ್ಮನಾಗ್ತಾನೆ. ಕೆಟ್ಟವನಾಗಿದ್ದರೆ ಬೈದು ಪುಸ್ತಕ ಮುಚ್ಚಬಹುದಿತ್ತು. ಚೋಮನಿಗಾಗಿ ಕಣ್ಣೊರೆಸಿಕೊಂಡ ನಾವೇ, ಹಬ್ಬದ ದಿನ ತಮಟೆಯವರಿಗೆ ಬೀದಿ ಕೊನೆಯಲ್ಲಿ ಎಲೆ ಹಾಕಿದೆವು. ನಾನೂ ಅಲ್ಲೇ ಇದ್ದೆ, ಮಾತಾಡಲಿಲ್ಲ.