‘ಕರ್ವಾಲೊ’ದ ಹಾರುವ ಓತಿ ಮತ್ತು ಸೃಷ್ಟಿಯ ಕ್ರಮ

ಜೀವವಿಕಾಸವನ್ನು ಕಥಾವಸ್ತುವಾಗಿಸಿಕೊಂಡ ಕನ್ನಡ ಕೃತಿಗಳಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಅಗ್ರಗಣ್ಯ. ಕರಾವಳಿ ಕ್ರೈಸ್ತರ ಹೆಸರು ಹೊತ್ತ ವಿಜ್ಞಾನಿ, ಹಳ್ಳಿಗ ಮಂದಣ್ಣ ಮತ್ತು ಸಂಗಡಿಗರು ಪಶ್ಚಿಮಘಟ್ಟದ ಕಾಡಿನಲ್ಲಿ ಹಾರುವ ಓತಿಯನ್ನು ಅರಸುತ್ತಾರೆ. ಕೈಗೆ ಸಿಕ್ಕಿತೆನ್ನುವಷ್ಟರಲ್ಲಿ ಅದು ಕಣಿವೆಯ ಆಳಕ್ಕೆ ತೇಲಿ ಮರೆಯಾಗುತ್ತದೆ. ಈ ಅಂತ್ಯವನ್ನು ಎರಡು ಬಗೆಯಲ್ಲಿ ತಪ್ಪಾಗಿ ಓದಬಹುದು. ನಿಸರ್ಗದ ಆಯ್ಕೆಯೊಂದೇ ಎಲ್ಲವನ್ನೂ ವಿವರಿಸುತ್ತದೆ, ಸೃಷ್ಟಿಕರ್ತನ ಮಾತು ಅನಗತ್ಯ ಎಂಬುದು ಒಂದು. ವಿಜ್ಞಾನದ ಕೈಗೆ ಸಿಗದೆ ಹೋದದ್ದೇ ದೇವರ ನೆಲೆ ಎಂಬುದು ಇನ್ನೊಂದು. ಉಪದೇಶಪೀಠಕ್ಕೆ ಇದೇ ಹೆಚ್ಚು ಆಕರ್ಷಕ, ಆದ್ದರಿಂದಲೇ ಹೆಚ್ಚು ಅಪಾಯಕರ.

ಮೊದಲನೆಯದನ್ನು ಪರೀಕ್ಷಿಸೋಣ. ಓತಿಯ ರೆಕ್ಕೆಯೆಂದರೆ ನೀಳವಾದ ಪಕ್ಕೆಲುಬುಗಳು ಹರಡಿ ಹಿಡಿದ ಚರ್ಮದ ಪೊರೆ. ದೂರ ತೇಲಬಲ್ಲ ಓತಿ ಬದುಕುಳಿದು ಸಂತಾನ ಬೆಳೆಸಿತೆಂಬ ಡಾರ್ವಿನ್ ತರ್ಕ ಇಲ್ಲಿ ಬಲವಾದದ್ದೇ. ಆದರೆ ಆಯ್ಕೆಗೆ ಒಳಗಾಗಲು ಪಕ್ಕೆಲುಬು ಮೊದಲೇ ಇರಬೇಕು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆಯನ್ನು ನೆನೆಯಿರಿ. ಸಂಪಿಗೆ ಹೂವಿನ ನಡುದಂಡಿನ ಸುತ್ತ ಕೇಸರಗಳೂ ಕಾಯಿಗಟ್ಟುವ ಅಂಗಗಳೂ ಸುರುಳಿಯಾಗಿ ಜೋಡಣೆಗೊಂಡಿರುತ್ತವೆ. 1992ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿಗಳಾದ ದುವಾದಿ ಮತ್ತು ಕುದೆರ್, ಒಂದನ್ನೊಂದು ದೂರ ತಳ್ಳುವ ಕಾಂತೀಯ ದ್ರವದ ಹನಿಗಳು ಸಸ್ಯಗಳಲ್ಲಿ ಕಾಣುವಂಥ ಸುರುಳಿಗಳನ್ನು ತಾವಾಗಿಯೇ ರಚಿಸುತ್ತವೆಂದು ತೋರಿಸಿದರು. ಹನಿಗಳಿಗೆ ಸಂತಾನವಿಲ್ಲ, ಆಯ್ಕೆಯೂ ಇಲ್ಲ. ಜೀವಿಗಳ ಕ್ರಮದಲ್ಲಿ ಆಯ್ಕೆಯ ಜೊತೆಗೆ ಭೌತನಿಯಮಕ್ಕೂ ಬೆಳವಣಿಗೆಯ ವಿಧಾನಕ್ಕೂ ಪಾಲುಂಟು.

ಆದರೆ ಆ ಪಾಲನ್ನು ತಂದು ದೇವರ ಲೆಕ್ಕಕ್ಕೆ ಬರೆಯಬಾರದು. ಎರಡನೆಯ ಓದಿನ ದೋಷವಿರುವುದು ಇಲ್ಲಿ. ಇಂದಿನ ತೆರಪು ನಾಳೆ ಮುಚ್ಚೀತು. ಕೊಳ್ಳೇಗಾಲ, ಹನೂರುಗಳ ಧರ್ಮಕೇಂದ್ರಗಳಿಂದ ಕಾಲೇಜಿಗೆ ಹೋಗಿ ಜೀವಶಾಸ್ತ್ರ ಓದುವ ಮಕ್ಕಳು, ನಾವು ತೆರಪಿನಲ್ಲಿ ನಿಲ್ಲಿಸಿದ ದೇವರನ್ನು ಅದರೊಂದಿಗೇ ಕಳೆದುಕೊಳ್ಳುತ್ತಾರೆ. ಸಂತ ಥಾಮಸ್ ಅಕ್ವಿನಾಸರಿಗೆ ದೇವರು ಕಾರಣಗಳ ಸಾಲಿನಲ್ಲಿ ಮತ್ತೊಂದು ಕಾರಣವಲ್ಲ. ಸೃಷ್ಟವಸ್ತುಗಳಿಗೆ ಅವುಗಳದೇ ಕಾರಣಶಕ್ತಿಯನ್ನು ದಯಪಾಲಿಸುವ ಆದಿಕಾರಣ. 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ವಿಕಾಸವಾದವು ಬರಿಯ ಊಹೆಯಲ್ಲವೆಂದು ಒಪ್ಪಿದರು; ಮಾನವಚೇತನವನ್ನು ಜೀವದ್ರವ್ಯದ ಉತ್ಪನ್ನವೆನ್ನುವ ತತ್ತ್ವಗಳನ್ನು ನಿರಾಕರಿಸಿದರು. ಈ ಎರಡು ಮಾತುಗಳೂ ಒಂದೇ ವಿವೇಕಕ್ಕೆ ಸೇರಿದವು.

ತೇಜಸ್ವಿಯವರ ಹಿರಿಮೆಯೆಂದರೆ ಓತಿಯನ್ನು ಯಾವ ಸಿದ್ಧಾಂತದ ಪಂಜರದಲ್ಲೂ ಇಡದಿರುವುದು. ಕ್ರಮವೆಂಬುದು ಇರುವುದೇಕೆ, ಅದು ಮಂದಣ್ಣನ ಕಣ್ಣಿಗೆ ಗೋಚರಿಸುವುದೇಕೆ ಎಂಬ ಪ್ರಶ್ನೆಯ ಅಂಚಿನವರೆಗೆ ಅವರು ಓದುಗನನ್ನು ಕರೆತರುತ್ತಾರೆ, ಉತ್ತರಕ್ಕೆ ಕೈಹಾಕುವುದಿಲ್ಲ. ಅಲ್ಲಿಂದ ಮುಂದಿನ ಕೆಲಸ ದೈವಶಾಸ್ತ್ರದ್ದು; ಅದನ್ನು ಮಾಡಲು ಜೀವಶಾಸ್ತ್ರದ ಸೋಲು ನಮಗೆ ಬೇಕಾಗಿಲ್ಲ.